ನಮ್ಮ ಮನೆಯ ಬೋಣಿ

ಅರವತ್ತರ ಹತ್ತಿರ ಬಂದ ಹೆಂಗಸಿಗೆ ಬೇಬಿ ಅಂತ ಹೆಸರು ಇರಬಾರದು ಎಂದು ನಾನು ಎಷ್ಟೋ ಸಲ ಅವಳ ಎದುರಿಗೇ ಹೇಳಿದ್ದೇನೆ. ಇಟ್ಟವರು ಸತ್ತುಹೋದರು, ಈಗ ಬದಲು ಮಾಡಲಿಕ್ಕೆ ಯಾರನ್ನು ಕೇಳುವುದು ಎಂದು ಅವಳು ನನಗೇ ತಿರುಗಿ ಕೇಳುತ್ತಿದ್ದಳು. ಸದಾಶಿವಗಡದ ಹರಿಕಂತ್ರರ ಕೇರಿಯವಳು. ಗಂಡ ರಾಮಾ ಮೊದಲು ಬೋಟಿಗೆ ಹೋಗುತ್ತಿದ್ದ, ಈಗ ದಡದ ಮೇಲೆ ಕೂತು ಬಲೆ ಹೆಣೆಯುತ್ತಾನೆ. ಮಗಳು ಮಾನಸಾ ಕಾರವಾರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಬೇಬಿ ಮೂವತ್ತೈದು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತಳು. ಈಗ ಹೊರುವುದಿಲ್ಲ. ಅದಕ್ಕೆ ಅವಳ ರೋಗ ಎಷ್ಟು ಕಾರಣವೋ ನಾನು ಮತ್ತು ನನ್ನ ಹೆಂಡತಿಯೂ ಅಷ್ಟೇ ಕಾರಣ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಕಾರವಾರ–ಅಂಕೋಲಾ ರೂಟಿನಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ಬೆಳಗಿನ ಬಸ್ಸಿಗೆ ಮೀನಿನ ಹೆಂಗಸರು ಹತ್ತುತ್ತಿದ್ದರು, ಹತ್ತಿದ ಕೂಡಲೇ ಆಫೀಸಿಗೆ ಹೋಗುವವರು ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದರು. ಮಧ್ಯಾಹ್ನ ಅದೇ ಮೀನು ತಟ್ಟೆಗೆ ಬಿದ್ದರೆ ಬೆರಳು ನೆಕ್ಕುವ ಜನ. ಒಂದು ದಿನ ಅವರ ಗಲಾಟೆ ಕೇಳಿ ತಲೆ ಕೆಟ್ಟು ನಾನು ಬೇಬಿಗೆ ಇಳಿ ಎಂದೆ. ಅವಳು ಇಳಿಯಲಿಲ್ಲ. ಬುಟ್ಟಿಯ ಮೇಲಿನ ಬಾಳೆಲೆ ಸರಿಸಿ, ನನ್ನ ಮೀನು ನಾರುತ್ತದೆ ಅನ್ನುವವರು ಬಂದು ಮೂಸಲಿ, ನಾರಿದರೆ ಇಲ್ಲೇ ಇಳಿಯುತ್ತೇನೆ ಎಂದಳು. ಯಾರೂ ಏಳಲಿಲ್ಲ. ನಾನೇ ಬಗ್ಗಿ ಮೂಸಿದೆ. ಉಪ್ಪುನೀರಿನ ವಾಸನೆ ಬಿಟ್ಟು ಬೇರೆ ಏನೂ ಇರಲಿಲ್ಲ. ಆ ದಿನದಿಂದ ಅವಳು ನನ್ನ ಬಸ್ಸಿನ ಖಾಯಂ ಪ್ರಯಾಣಿಕಳು, ನಾನು ಅವಳ ಖಾಯಂ ಗಿರಾಕಿ.

ಅವಳ ಮೂಗಿನ ಬಗ್ಗೆ ಬಂದರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹರಾಜಿಗೆ ಇಟ್ಟ ಬುಟ್ಟಿಯ ಮೇಲೆ ಒಂದು ಸಲ ಬಗ್ಗಿದರೆ ಸಾಕು, ಇದು ನಿನ್ನೆ ರಾತ್ರಿಯದು, ಇದು ಮೊನ್ನೆಯದು, ಇದರಲ್ಲಿ ಮೇಲಿನದು ಹೊಸತು, ಅಡಿಯದು ಹಳತು ಎಂದು ಹೇಳಿಬಿಡುತ್ತಿದ್ದಳು. ಬೇರೆ ಹೆಂಗಸರು ಕಿವಿರು ಎತ್ತಿ ಕೆಂಪು ನೋಡುತ್ತಿದ್ದರು, ಕಣ್ಣು ಒತ್ತಿ ನೋಡುತ್ತಿದ್ದರು. ಬರ್ಫದಲ್ಲಿ ಇಟ್ಟ ಮೀನಿನ ಕಣ್ಣು ಸುಳ್ಳು ಹೇಳುತ್ತದೆ ಎಂದು ಬೇಬಿ ಅದನ್ನೆಲ್ಲ ನಂಬುತ್ತಿರಲಿಲ್ಲ. ನಮ್ಮ ಕಾರವಾರದ ಹಬ್ಬುವಾಡದಲ್ಲಿ, ಆಚೆ ಅವರ್ಸಾದಿಂದ ಅಂಕೋಲಾವರೆಗೆ ಹಳ್ಳಿಹಳ್ಳಿಯಲ್ಲಿ ಅವಳಿಗೆ ಖಾಯಂ ಗಿರಾಕಿಗಳ ಮನೆಗಳಿದ್ದವು. ಅವಳ ಬುಟ್ಟಿಯ ಮೀನನ್ನು ಯಾರೂ ತಿರುಗಿಸಿ ನೋಡುತ್ತಿರಲಿಲ್ಲ. ನನ್ನ ಹೆಂಡತಿ ನೀತಾ ಒಬ್ಬಳು ಮಾತ್ರ ಪ್ರತಿ ಸಲ ಒಂದು ಮೀನು ಎತ್ತಿ ಮೂಗಿಗೆ ಹಿಡಿಯುತ್ತಿದ್ದಳು. ಅವಳದು ಹುಟ್ಟಿನಿಂದಲೇ ಸಂಶಯದ ಬುದ್ಧಿ, ನನ್ನನ್ನೂ ಹಾಗೇ ನೋಡಿದವಳು. ಬೇಬಿಗೆ ಇದರಿಂದ ಸಿಟ್ಟು ಬರುತ್ತಿರಲಿಲ್ಲ, ನಗುತ್ತಿದ್ದಳು. ಒಮ್ಮೆ ಶೆಟ್ಲಿಯಲ್ಲಿ, ಅಂದರೆ ಸಿಗಡಿಯಲ್ಲಿ, ನೀತಾಗೆ ಏನೋ ಹುಳಿ ವಾಸನೆ ಬಂದು, ಗೇಟು ದಾಟಿದವಳನ್ನು ಕರೆದು ವಾಪಸ್ ಹಾಕಿದಳು. ಬೇಬಿ ಅಲ್ಲೇ ಕೂತು ಇಡೀ ಬುಟ್ಟಿ ಮೂಸಿ, ಒಂದು ಹಿಡಿ ತೆಗೆದು ಕಾಗೆಗೆ ಎಸೆದು, ನೀತಾಬಾಯಿ ಹೇಳಿದ್ದು ಖರೆ ಎಂದು ಒಪ್ಪಿ ಹೋದಳು.

ಎಂಟು ವರ್ಷದ ಹಿಂದೆ ಅವಳ ಕೈ ಬೆರಳು ಬೆಳಿಗ್ಗೆ ಹಿಡಿದುಕೊಳ್ಳಲು ಶುರುವಾಯಿತು. ಬರ್ಫ ಮುಟ್ಟಿ ಮುಟ್ಟಿ ಹೀಗಾಗಿದೆ ಎಂದು ಒಂದು ವರ್ಷ ಬಿಸಿ ಎಣ್ಣೆ ತಿಕ್ಕಿದಳು. ಮೊಣಕಾಲು ಬಾತು ಬಸ್ಸಿನ ಮೆಟ್ಟಿಲು ಹತ್ತಲಾಗದೇ ಹೋದಾಗ ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಷ್ಟು ಹೊತ್ತಿಗೆ ನಾನು ನಿವೃತ್ತನಾಗಿ ಹಬ್ಬುವಾಡದ ಮನೆಯಲ್ಲಿ ನೀತಾಳ ಬೈಗುಳ ಕೇಳುತ್ತ ಕೂತಿದ್ದೆ, ಬೇರೆ ಕೆಲಸ ಇರಲಿಲ್ಲ. ರಕ್ತಪರೀಕ್ಷೆ ಆಯಿತು. ಸಂಧಿವಾತ, ಅದೂ ಬರೀ ಸವೆತದ್ದಲ್ಲ ಎಂದರು ಡಾಕ್ಟರು. ದೇಹದಲ್ಲಿ ರೋಗವನ್ನು ಹಿಡಿಯಲು ಇರುವ ಕಾವಲೇ ತಪ್ಪಿ ನಮ್ಮ ಕೀಲುಗಳ ಮೇಲೆ ಬೀಳುತ್ತದಂತೆ. ಟಿಕೆಟ್ ಇಲ್ಲದವನನ್ನು ಬಿಟ್ಟು ತನಿಖೆಯವರು ಕಂಡಕ್ಟರನನ್ನೇ ಹಿಡಿದ ಹಾಗೆ ಎಂದು ನಾನು ಬೇಬಿಗೆ ತಿಳಿಸಿ ಹೇಳಿದೆ. ಹಾಗಾದರೆ ತನಿಖೆಯವರನ್ನು ಮಲಗಿಸುವ ಗುಳಿಗೆ ಕೊಡಲಿ ಎಂದಳು. ಅದನ್ನೇ ಕೊಟ್ಟರು. ವಾರಕ್ಕೊಂದು ದಿನ ನುಂಗುವ ಗುಳಿಗೆ. ಅವಳು ಸೋಮವಾರ ನುಂಗುತ್ತಿದ್ದಳು, ಅಂದು ಅವರ ಮನೆಯಲ್ಲಿ ಮೀನಿಲ್ಲ, ವ್ಯಾಪಾರವೂ ಇಲ್ಲ.

ಗುಳಿಗೆಯಿಂದ ಬುಟ್ಟಿ ಹೊರುವಷ್ಟು ಕೈ ಬಂತು. ಅಂಕೋಲಾ ಬಿಟ್ಟುಹೋಯಿತು. ಹಬ್ಬುವಾಡದ ಹತ್ತು ಹದಿನೈದು ಮನೆ ಉಳಿಯಿತು. ಬೆರಳು ಸೊಟ್ಟಗಾಗಿದ್ದವು, ಕಿವಿರು ಎತ್ತಲು ಆಗುತ್ತಿರಲಿಲ್ಲ, ಬುಟ್ಟಿಯ ಅಡಿಗೆ ಕೈ ಹಾಕಿ ಮೀನು ತಿರುವಲು ಆಗುತ್ತಿರಲಿಲ್ಲ. ಅದರ ಗೊಡವೆ ಅವಳಿಗೇಕೆ, ಮೂಗಿತ್ತಲ್ಲ.

ಮೂರು ಮಳೆಗಾಲದ ಹಿಂದೆ ಅವಳಿಗೊಂದು ನೆಗಡಿ ಬಂತು. ಅದು ಹೋಗಲೇ ಇಲ್ಲ. ಹಣೆ ಭಾರ, ಕೆನ್ನೆಯ ಎಲುಬಿನಲ್ಲಿ ನೋವು, ಮೂಗಿನಿಂದ ಹಳದಿ ಸಿಂಬಳ, ಬಗ್ಗಿದರೆ ಕಣ್ಣ ಹಿಂದೆ ಸುತ್ತಿಗೆಯಿಂದ ಹೊಡೆದಂತೆ ಆಗುತ್ತದೆ ಎನ್ನುತ್ತಿದ್ದಳು. ಅರಿಶಿನದ ಹೊಗೆ, ಬಿಸಿನೀರಿನ ಹಬೆ, ಲಿಂಬೆಸೊಪ್ಪಿನ ಕಷಾಯ ಎಲ್ಲ ಆಯಿತು. ಮುಂದಿನ ಮೇ ತಿಂಗಳಲ್ಲಿ ಅಂಕೋಲಾದಿಂದ ಯಾರೋ ನಮಗೆ ಒಂದು ಬುಟ್ಟಿ ಕರಿ ಇಶಾಡ ಮಾವು ಕಳಿಸಿದ್ದರು. ಆ ಹಣ್ಣು ಒಳಕೋಣೆಯಲ್ಲಿ ಇಟ್ಟರೆ ಗೇಟಿನಲ್ಲಿ ನಿಂತವರಿಗೆ ಗೊತ್ತಾಗಬೇಕು, ಅಂಥ ಪರಿಮಳ. ನೀತಾ ಎರಡು ಹಣ್ಣು ಬೇಬಿಯ ಮಡಿಲಿಗೆ ಹಾಕಿದಳು. ಬೇಬಿ ಒಂದನ್ನು ಮೂಗಿನ ಹತ್ತಿರ ಹಿಡಿದಳು, ತಿರುಗಿಸಿದಳು, ತೊಟ್ಟಿನ ಕಡೆ ಹಿಡಿದಳು. ಆಮೇಲೆ ನನ್ನ ಮುಖ ನೋಡಿದಳು. ನೆಗಡಿಯಿಂದ ಹಾಗೆ, ಬರುತ್ತದೆ ಎಂದೆ. ಅವಳ ಕಣ್ಣಲ್ಲಿ ಅಂಥ ಹೆದರಿಕೆಯನ್ನು ನಾನು ಮೊದಲು ನೋಡಿರಲಿಲ್ಲ. ಕೈ ಹೋದಾಗಲೂ ಅವಳು ಹಾಗೆ ಹೆದರಿರಲಿಲ್ಲ.

ಕಿವಿ ಮೂಗು ಗಂಟಲಿನ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಕೆನ್ನೆಯ ಒಳಗೆ, ಹಣೆಯ ಒಳಗೆ ಗಾಳಿ ಇರಬೇಕಾದ ಜಾಗದಲ್ಲೆಲ್ಲ ಕೀವು ತುಂಬಿದೆ ಎಂದು ಬೆಳಕಿಗೆ ಹಿಡಿದು ತೋರಿಸಿದರು. ಈ ಬಗೆಯ ಸಂಧಿವಾತ ಇದ್ದವರಿಗೆ ಸೈನಸ್ ತೊಂದರೆ ಉಳಿದವರಿಗಿಂತ ಹೆಚ್ಚಂತೆ. ಅದರ ಮೇಲೆ ಗುಳಿಗೆ ಕಾವಲನ್ನು ಮಲಗಿಸಿದೆಯಲ್ಲ, ಒಳಗೆ ಹೊಕ್ಕ ರೋಗಾಣುವನ್ನು ಓಡಿಸಲು ಯಾರೂ ಎದ್ದಿಲ್ಲ. ಸೋಮವಾರದ ಗುಳಿಗೆ ಸ್ವಲ್ಪ ದಿನ ನಿಲ್ಲಿಸಿ ಬೇರೆ ಔಷಧ ಕೊಟ್ಟರು. ಮೂಗು ಸ್ವಲ್ಪ ಬಿಟ್ಟಿತು. ಅಷ್ಟರಲ್ಲಿ ಬೆರಳುಗಳು ಊದಿ, ಲೋಟ ಎತ್ತಲಾಗದೆ ಮಾನಸಾ ಬಾಯಿಗೆ ಚಹಾ ಹಿಡಿಯಬೇಕಾಯಿತು. ಮತ್ತೆ ಗುಳಿಗೆ ಶುರು, ಮತ್ತೆ ಕೀವು. ಹೀಗೆ ಎರಡು ಸಲ ಆಯಿತು. ಒಂದೋ ಕೈ ಇರಬೇಕು, ಒಂದೋ ಮೂಗು ಇರಬೇಕು ಎಂದು ದೇವರೇನು ಪಾಳಿ ಹಾಕಿದ್ದಾನೋ ಎಂದು ನನಗೆ ಸಿಟ್ಟು ಬಂತು. ಬೇಬಿಗೆ ಎರಡೂ ಬೇಕಿತ್ತು. ಮೀನು ಮಾರುವವಳಿಗೆ ಎರಡೂ ಇಲ್ಲದೆ ಹೇಗೆ ನಡೆಯುತ್ತದೆ?

ಕಳೆದ ವರ್ಷ ಮೀನುಗಾರಿಕೆ ನಿಂತು ಬೋಟುಗಳೆಲ್ಲ ದಡಕ್ಕೆ ಬೀಳುವ ಜೂನ್‌ನಲ್ಲಿ ಗೋವಾಕ್ಕೆ ಹೋಗಿ ಆಪರೇಷನ್ ಮಾಡಿಸಿಕೊಂಡಳು. ಹಣೆಯ ಭಾರ ಇಳಿಯಿತು, ಉಸಿರು ಸರಾಗ ಆಯಿತು. ವಾಸನೆ ಬರಲಿಲ್ಲ. ಅಲ್ಲಿಯ ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಬಂದರೆ ಬರಬಹುದು, ಒಂದು ವರ್ಷದಲ್ಲಿ ಬರದಿದ್ದರೆ ಅದರ ಆಸೆ ಬಿಡಿ ಎಂದು ಕಾಗದದಲ್ಲೇ ಬರೆದುಕೊಟ್ಟರು. ಆ ಕಾಗದವನ್ನು ಓದಿ ಹೇಳಿದವನು ನಾನೇ. ವಿಷಯ ಯಾರಿಗೂ ಹೇಳಬಾರದು ಎಂದು ಬೇಬಿ ನನ್ನಿಂದ ಮಾತು ತೆಗೆದುಕೊಂಡಳು. ಬಂದರಿನವರಿಗೆ ಗೊತ್ತಾದರೆ ಕೊಳೆತದ್ದನ್ನೆಲ್ಲ ತನ್ನ ಬುಟ್ಟಿಗೇ ಸುರಿಯುತ್ತಾರೆ, ಗಿರಾಕಿಗಳಿಗೆ ಗೊತ್ತಾದರೆ ಬಾಗಿಲು ತೆಗೆಯುವುದಿಲ್ಲ. ಎರಡೂ ನಿಜ. ನಾನು ನೀತಾಗೆ ಮಾತ್ರ ಹೇಳಿದೆ, ಬೇಬಿಗೂ ಅದು ಗೊತ್ತಿತ್ತು.

ಆಗಸ್ಟಿನಲ್ಲಿ ಬೋಟು ಹೊರಟವು. ಬೇಬಿ ಹರಾಜಿನಲ್ಲಿ ಮೊದಲಿನ ಹಾಗೇ ಬುಟ್ಟಿಯ ಮೇಲೆ ಬಗ್ಗುತ್ತಿದ್ದಳಂತೆ, ಉಸಿರು ಎಳೆಯುತ್ತಿದ್ದಳಂತೆ, ತಲೆ ಅಲ್ಲಾಡಿಸುತ್ತಿದ್ದಳಂತೆ. ಇದನ್ನು ಅವಳೇ ಹೇಳಿದ್ದು. ಮತ್ತೊಂದು ಬದಲಾವಣೆ ಆಯಿತು. ಮೊದಲು ಅವಳ ದಾರಿಯಲ್ಲಿ ನಮ್ಮದು ನಾಲ್ಕನೆಯದೋ ಐದನೆಯದೋ ಮನೆ. ಚೌತಿ ಹಬ್ಬ ಮುಗಿದ ಮೇಲೆ ಅವಳು ಎಲ್ಲ ಮನೆ ಬಿಟ್ಟು ನೇರ ನಮ್ಮಲ್ಲಿಗೆ ಬರಲು ಶುರುಮಾಡಿದಳು. ನೀತಾಬಾಯಿಯ ಕೈಯಲ್ಲಿ ಬೋಣಿಯಾದರೆ ಒಳ್ಳೆಯದಾಗುತ್ತದೆ ಎಂದಳು. ನೀತಾ ಉಬ್ಬಿಹೋದಳು. ನಮ್ಮ ಕಡೆ ಬೋಣಿ ಅಂದರೆ ಸಣ್ಣ ಮಾತಲ್ಲ. ದಿನದ ಮೊದಲ ವ್ಯಾಪಾರ ಅದು. ಬೋಣಿಯ ಮನೆಯವರು ಚೌಕಾಶಿ ಮಾಡಬಾರದು, ಬೇಡ ಎಂದು ಕಳಿಸಬಾರದು. ಹಾಗೆ ಕಳಿಸಿದರೆ ಮಾರುವವರ ಇಡೀ ದಿನ ಹಾಳು ಎಂದು ಮೀನಿನವರು ನಂಬುತ್ತಾರೆ, ನಾವೂ ನಂಬುತ್ತೇವೆ.

ಚೌತಿ ಕಳೆದು ಹದಿನೈದು ದಿನವಾಗಿರಬಹುದು. ಬೇಬಿ ತಾರ್ಲೆ ಮೀನು ತಂದಿದ್ದಳು. ನೀತಾ ಎಂದಿನಂತೆ ಒಂದನ್ನು ಎತ್ತಿ ಮೂಗಿಗೆ ಹಿಡಿದಳು. ಅವಳ ಮುಖ ಒಂದು ಕ್ಷಣ ಹುಳ್ಳಗಾದದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಬೇಬಿ ಅವಳನ್ನೇ ನೋಡುತ್ತ ಕೂತಿದ್ದಳು. ನೀತಾ ಮಾತಾಡದೆ ಪಾತ್ರೆ ಚಾಚಿದಳು. ಬೇಬಿ ಹೋದ ಮೇಲೆ ನನ್ನ ಹತ್ತಿರ ಬಂದು, ಹಳಸಿದೆ, ಏನು ಮಾಡಲಿ, ಬೋಣಿ ಅಲ್ಲವಾ ಎಂದಳು. ನಾನು ಪಾತ್ರೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ತೆಂಗಿನ ಬುಡದಲ್ಲಿ ಗುಂಡಿ ತೋಡಿ ಹೂತೆ. ಮರಕ್ಕೆ ಒಳ್ಳೆಯ ಗೊಬ್ಬರ ಎಂದು ನಗೆಯಾಡಿದೆವು. ಆವತ್ತು ನಾವು ಮೊಟ್ಟೆ ಸಾರು ಉಂಡೆವು.

ಆಮೇಲೆ ವಾರಕ್ಕೆ ಒಂದು ಸಲ, ಕೆಲವೊಮ್ಮೆ ಎರಡು ಸಲ ಹೀಗಾಯಿತು. ನಿಧಾನಕ್ಕೆ ನಡೆಯುವವಳು, ಅವಳು ಬಂದರು ಮುಟ್ಟುವ ಹೊತ್ತಿಗೆ ಒಳ್ಳೆಯ ಬುಟ್ಟಿಗಳು ಹೋಗಿರುತ್ತಿದ್ದವು. ಹೇಳಬೇಕು ಎಂದು ನೀತಾ ಎರಡು ಸಲ ಹೊರಟಳು. ಬೇಡ ಎಂದವನು ನಾನು. ಇಷ್ಟು ಕಷ್ಟಪಟ್ಟು ಬುಟ್ಟಿ ಹೊತ್ತು ಬರುತ್ತಾಳೆ, ಉಳಿದದ್ದು ಅದೊಂದೇ, ಅದನ್ನೂ ನಾವೇ ಮುರಿಯುವುದಾ ಎಂದೆ. ಉಳಿದ ಮನೆಯವರ ವಿಷಯ ನನ್ನ ತಲೆಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದಿತ್ತು. ಅವರಿಗೂ ಮೂಗಿದೆ, ಅವರು ನೋಡಿಕೊಳ್ಳುತ್ತಾರೆ ಎಂದುಕೊಂಡೆ. ಖಾರ ಹುಳಿಯಲ್ಲಿ ವಾಸನೆ ಮುಚ್ಚಿಹೋಗುತ್ತಿತ್ತೋ ಏನೋ, ಯಾರೂ ದೂರಿದ್ದು ನನ್ನ ಕಿವಿಗೆ ಬೀಳಲಿಲ್ಲ. ಬೇಬಿಯ ಮೀನನ್ನು ಯಾರೂ ಮೂಸುವುದಿಲ್ಲ ಎನ್ನುವುದು ಇಡೀ ಕೇರಿಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಒಳ್ಳೆಯವನು ಅನ್ನಿಸಿಕೊಳ್ಳುವ ಚಟ ಕೆಟ್ಟದ್ದು, ಅದು ಹಿಡಿದವನಿಗೆ ಕಣ್ಣೆದುರಿನದೂ ಕಾಣುವುದಿಲ್ಲ.

ಫೆಬ್ರವರಿಯ ಒಂದು ಶುಕ್ರವಾರ ಬಂಗಡೆ ತಂದಳು. ನೋಡಲಿಕ್ಕೆ ಬೆಳ್ಳಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ನೀತಾ ಮೂಸಿ, ಆರು ಬಂಗಡೆ ತೆಗೆದುಕೊಂಡಳು. ಬೇಬಿ ಬುಟ್ಟಿ ಎತ್ತಿಸಿಕೊಂಡು ಹೋದ ಮೇಲೆ ನಾನು ಗುದ್ದಲಿ ಹುಡುಕಿದೆ.

ಅದೇ ಬಂಗಡೆಯನ್ನು ನಮ್ಮಿಂದ ಮೂರನೇ ಮನೆಯ ದೀಪಾ ತೆಗೆದುಕೊಂಡಿದ್ದಳು. ಶಾಲೆಯ ಟೀಚರು, ಏಳು ತಿಂಗಳ ಬಸುರಿ. ಬೆಳಗಿನ ಅವಸರದಲ್ಲಿ ಫ್ರಿಜ್ಜಿನಲ್ಲಿಟ್ಟು, ಸಂಜೆ ಖಾರ ಹಚ್ಚಿ ಹುರಿದು ಗಂಡ ಹೆಂಡತಿ ಉಂಡರು. ಅರ್ಧ ಗಂಟೆಯಲ್ಲಿ ಇಬ್ಬರಿಗೂ ಮುಖ ಕೆಂಪಾಗಿ, ಮೈಯೆಲ್ಲ ದದ್ದು ಎದ್ದು, ವಾಂತಿ ಶುರುವಾಯಿತು. ಅವಳ ಗಂಡ ಹರೀಶ ವಾಂತಿ ಮಾಡುತ್ತಲೇ ರಿಕ್ಷಾ ಕರೆದ. ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದರು. ಹೊಟ್ಟೆಯ ಕೂಸಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಬರ್ಫವಿಲ್ಲದೆ ಬಿಸಿಲಿಗೆ ಬಿದ್ದ ಬಂಗಡೆಯಲ್ಲಿ ಇಂಥ ವಿಷ ಹುಟ್ಟುತ್ತದೆ, ಬೇಯಿಸಿದರೂ ಹೋಗುವುದಿಲ್ಲ ಎಂದು ಅಲ್ಲಿ ಹೇಳಿದರಂತೆ. ಶನಿವಾರ ಮಧ್ಯಾಹ್ನದೊಳಗೆ ಇಡೀ ಹಬ್ಬುವಾಡಕ್ಕೆ ಸುದ್ದಿ ಮುಟ್ಟಿತು.

ಭಾನುವಾರ ಬೆಳಿಗ್ಗೆ ಬೇಬಿ ಬಂದಳು. ಬುಟ್ಟಿ ಇರಲಿಲ್ಲ. ತಲೆಯ ಮೇಲೆ ಬುಟ್ಟಿಯಿಲ್ಲದ ಬೇಬಿಯನ್ನು ನಾನು ಕಂಡದ್ದೇ ಕಡಿಮೆ, ಗಿಡ್ಡಾಗಿ ಕಂಡಳು. ಜಗಲಿಯ ಮೇಲೆ ಕೂರು ಎಂದರೆ ಕೂರಲಿಲ್ಲ, ಕಂಬ ಹಿಡಿದು ನಿಂತಳು. ನೀತಾ ಒಳಗಿನಿಂದ ಬಂದಳು. ಬೇಬಿ ನನ್ನನ್ನು ನೋಡಲಿಲ್ಲ, ನೀತಾಳನ್ನೇ ಕೇಳಿದಳು.

“ಬಾಯಿ, ಶುಕ್ರವಾರದ ಬಂಗಡೆ ನೀವು ಉಂಡ್ರಿ ಅಲ್ರಾ? ನಿಮಗೆ ಎಂತದೂ ಆಗ್ಲಿಲ್ಲ ಅಲ್ರಾ?”

ಅವಳ ದನಿಯಲ್ಲಿ ಆಸೆ ಇತ್ತು. ನಮಗೆ ಏನೂ ಆಗಿಲ್ಲ ಎಂದಾದರೆ ಮೀನು ಸರಿಯಿತ್ತು, ದೀಪಾ ಮನೆಯಲ್ಲಿ ಬೇರೇನೋ ತಿಂದಿರಬೇಕು. ಅಷ್ಟು ಹೇಳಿದ್ದರೆ ಅವಳಿಗೆ ಸಾಕಾಗುತ್ತಿತ್ತು. ನನ್ನ ನಾಲಿಗೆಯ ತುದಿಗೆ ಸುಳ್ಳು ಬಂದಿತ್ತು ಕೂಡ. ನೀತಾ ಅಳಲು ಶುರುಮಾಡಿದಳು.

ನಾನು ಹೇಳಿದೆ. ಉಣ್ಣಲಿಲ್ಲ, ಹೂತೆವು ಎಂದೆ. ಯಾವಾಗಿನಿಂದ ಎಂದು ಕೇಳಿದಳು. ಚೌತಿ ಕಳೆದ ಮೇಲಿನಿಂದ ಎಂದೆ. ನಿನ್ನ ಮನಸ್ಸಿಗೆ ನೋವಾಗಬಾರದು ಎಂದು, ಬೋಣಿ ಕೆಡಬಾರದು ಎಂದು, ಹೀಗೆ ಏನೇನೋ ಹೇಳುತ್ತ ಹೋದೆ. ಬಸ್ಸಿನಲ್ಲಿ ಚಿಲ್ಲರೆ ಇಲ್ಲದವನು ಕಾರಣ ಹೇಳುವ ಹಾಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

“ನನ್ನ ಮೂಗು ಸತ್ತದ್ದು ನನಗೆ ಗೊತ್ತಿತ್ರಾ ಕಂಡಕ್ಟರ್ರೇ,” ಅಂದಳು. “ಅದ್ಕೇ ಸೈಯಲ್ರಾ ನಾ ನಿಮ್ಮ ಮನಿಗೆ ಮೊದ್ಲು ಬತ್ತಿದ್ದದ್ದು. ಬಾಯಿ ಒಬ್ರೇ ಮೂಸಿ ತಕಂಬವ್ರು. ಬಾಯಿ ಮೂಸಿ ಸುಮ್ನೆ ತಕಂಡ್ರೆ ಮೀನು ಚಲೋ ಅದೆ ಅಂತ ಮಾಡ್ಕಂಡು ಮುಂದಿನ ಮನಿಗೆ ಹೋಗ್ತಿದ್ದೆ. ಬೋಣಿಗೆ ಬೇಡ ಅನ್ನೂಕೆ ಆಗೂದಿಲ್ಲ, ಖರೆ. ಹೇಳೂಕೆ ಎಂತ ಅಡ್ಡಿ ಇತ್ತು?”

ನೀತಾ ಅವಳ ಕೈ ಹಿಡಿಯಲು ಹೋದಳು. ಬೆರಳು ನೋಯುತ್ತದೆ, ಮುಟ್ಟಬೇಡಿ ಎಂದು ಬೇಬಿ ಕೈ ಹಿಂದೆ ತೆಗೆದುಕೊಂಡಳು. ಅದು ನಿಜವಾದ ನೋವೋ ಅಲ್ಲವೋ ನನಗೆ ಗೊತ್ತಿಲ್ಲ.

ಅಲ್ಲಿಂದ ಅವಳು ದೀಪಾಳ ಮನೆಗೆ ಹೋದಳು. ನಾನು ಹಿಂದೆಯೇ ಹೋಗಿ ಗೇಟಿನ ಹತ್ತಿರ ನಿಂತೆ. ಆಗ ತಾನೇ ಆಸ್ಪತ್ರೆಯಿಂದ ಬಂದಿದ್ದ ಹರೀಶ ಬಾಗಿಲಲ್ಲೇ ನಿಂತು ಬಾಯಿಗೆ ಬಂದ ಹಾಗೆ ಬೈದ. ಕೊಳೆತದ್ದನ್ನು ತಿಳಿದೂ ತಿಳಿದೂ ಬಸುರಿಗೆ ತಿನ್ನಿಸಿದಳು ಎಂದ. ಬೇಬಿ ತಲೆ ತಗ್ಗಿಸಿ ನಿಂತು, ನನ್ನದೇ ತಪ್ಪು, ನನಗೆ ವಾಸನೆ ಬರುವುದಿಲ್ಲ, ಹೇಳದೆ ಮುಚ್ಚಿಟ್ಟೆ ಎಂದಳು. ನಮ್ಮ ಹೆಸರು ಎತ್ತಲಿಲ್ಲ. ನಾನು ಅಷ್ಟು ಹತ್ತಿರದಲ್ಲಿದ್ದೆ, ಒಂದು ಮಾತು ಹೇಳಬಹುದಿತ್ತು. ಹರೀಶ ನನ್ನನ್ನು ನೋಡಿ, ನೋಡಿ ಅಂಕಲ್, ನಿಮ್ಮ ಅದೃಷ್ಟ ಚೆನ್ನಾಗಿತ್ತು ಎಂದ. ನಾನು ಹೌದು ಎನ್ನುವ ಹಾಗೆ ತಲೆ ಅಲ್ಲಾಡಿಸಿದೆ.

ಬೇಬಿ ಮತ್ತೆ ಬುಟ್ಟಿ ಎತ್ತಲಿಲ್ಲ. ಡಾಕ್ಟರು ಹೇಳಿದ ಒಂದು ವರ್ಷ ಈ ಜೂನ್‌ಗೆ ಮುಗಿಯಿತು, ವಾಸನೆ ಬರಲಿಲ್ಲ. ಮಾನಸಾಳನ್ನು ಪೇಟೆಯಲ್ಲಿ ಕಂಡಾಗ ತಾಯಿಯ ಬಗ್ಗೆ ವಿಚಾರಿಸಿದೆ. ಆಯಿ ಮೂರು ತಿಂಗಳಿಂದ ಸೋಮವಾರದ ಗುಳಿಗೆ ನುಂಗುತ್ತಿಲ್ಲ, ನಾವು ಹೇಳಿದರೆ ಕೇಳುವುದಿಲ್ಲ, ನೀವೊಮ್ಮೆ ಬಂದು ಹೇಳಿ ಎಂದಳು. ಮರುದಿನ ಮಳೆಯಲ್ಲೇ ಸೇತುವೆ ದಾಟಿ ಸದಾಶಿವಗಡಕ್ಕೆ ಹೋದೆ. ರಾಮಾ ಚಾವಡಿಯಲ್ಲಿ ಬಲೆ ಹರಡಿಕೊಂಡು ಕೂತಿದ್ದ, ಒಳಗೆ ಹೋಗು ಎಂದು ಸನ್ನೆ ಮಾಡಿದ. ಬೇಬಿ ಗೋಡೆಗೆ ಒರಗಿ ಕೂತಿದ್ದಳು. ಎರಡೂ ಕೈ ಮಡಿಲಲ್ಲಿದ್ದವು, ಬೆರಳುಗಳು ಊದಿ ಒಂದರ ಮೇಲೊಂದು ಬಿದ್ದಿದ್ದವು. ನನ್ನನ್ನು ಕಂಡು ನಕ್ಕಳು. ಸಿಟ್ಟಿನ ಗುರುತೇ ಇರಲಿಲ್ಲ, ಇದ್ದಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತು.

ನಾನು ಬಸ್ಸಿನಲ್ಲಿ ಬೈಯುತ್ತಿದ್ದ ದನಿಯಲ್ಲೇ ಬೈದೆ. ಗುಳಿಗೆ ಬಿಟ್ಟರೆ ಕೀಲೆಲ್ಲ ಮುರಿದು ಹೋಗುತ್ತವೆ, ಮತ್ತೆ ಸರಿಮಾಡಲು ಆಗುವುದಿಲ್ಲ, ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ, ಈಗಲೇ ಏಳು ಎಂದೆ. ಅವಳು ಮಗುವಿನ ಹಟ ನೋಡುವವರ ಹಾಗೆ ನನ್ನನ್ನು ನೋಡಿದಳು.

“ಬುಟ್ಟಿ ಹೊರೂಕೆ ಅಂತ ಗುಳಿಗೆ ತಕಂತಿದ್ದೆ,” ಅಂದಳು. “ಈಗ ನಂಗೆ ಕೈ ಎಂತಕ್ಕೆ, ನೀವೇ ಹೇಳಿ.”

ರಾಮಾ ಹೊರಗೆ ಬಲೆಯ ಕೆಲಸ ನಿಲ್ಲಿಸಿದ್ದ, ಅವನೂ ನನ್ನ ಉತ್ತರಕ್ಕೆ ಕಾಯುತ್ತಿದ್ದ. ನಾನು ಕೊಡೆ ಎತ್ತಿಕೊಂಡು ಅವನ ಬಲೆ ದಾಟಿ ಮಳೆಗೆ ಇಳಿದೆ. ಸೇತುವೆ ದಾಟಿ ಮನೆಗೆ ಬಂದೆ.